ಗಾಳಿಗೆ ಯಾರಾದ್ರೂ ದುಡ್ಡು ಇಸ್ಕೋತಾರಾ?

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸೈಕಲ್ ಹತ್ತುವವರನ್ನು ಮನೆಯವರು ಕೇಳುವ ಪ್ರಶ್ನೆ ಒಂದೇ: "ಅಷ್ಟು ದೂರ ತುಳ್ಕೊಂಡು ಹೋಗಿ ಏನ್ ಸಿಗುತ್ತೆ?" ಇದಕ್ಕೆ ನಮ್ಮ ಹತ್ತಿರ ಸಿದ್ಧ ಉತ್ತರಗಳಿವೆ. ಆರೋಗ್ಯ, ಒಳ್ಳೇ ಗಾಳಿ, ನಂದಿಬೆಟ್ಟದ ಮಂಜು, ಬೆಟ್ಟ ಇಳಿದ ಮೇಲಿನ ತಟ್ಟೆ ಇಡ್ಲಿ. ಎಲ್ಲಾ ನಿಜವೇ. ಆದರೆ ಏಳೆಂಟು ವರ್ಷ ತುಳಿದ ಮೇಲೆ, ಒಟ್ಟು ಎಷ್ಟು ಕಿಲೋಮೀಟರ್ ಆಯ್ತು ಅಂತ ನಾನು ಆ್ಯಪ್ ತೆಗೆದು ನೋಡಿಯೇ ಹೇಳಬೇಕು. ಆ್ಯಪ್ ತೆಗೆಯದೇ ನೆನಪಿಗೆ ಬರೋರು ದಾರೀಲಿ ಸಿಕ್ಕ ಕೆಲವು ಜನ.

ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಸಿಕ್ಕವರು. ಮತ್ತೆ ಸಿಗಲ್ಲ, ಸಿಕ್ಕರೂ ಇಬ್ಬರಿಗೂ ಗುರುತು ಹತ್ತಲ್ಲ. ಇಂಥವರ ಜೊತೆ ನಮ್ಮದು ಎಂಥ ಸಂಬಂಧ? ಅವರು ಮಾಡಿದ ಉಪಕಾರ ನಮ್ಮ ಮೇಲೆ ಬಾಕಿ ಇರುತ್ತಾ? ಇದ್ದರೆ ಅದನ್ನು ಯಾರಿಗೆ ಅಂತ ತೀರಿಸೋದು? ಊರು ದಾಟಿದ ಮೇಲೆ, ಗಾಡಿಗಳ ಗದ್ದಲ ಕಡಿಮೆಯಾಗಿ ಕಾಲು ತನ್ನಷ್ಟಕ್ಕೆ ತುಳೀತಾ ಇರುವಾಗ ಈ ಪ್ರಶ್ನೆ ಬಹಳ ಸಲ ಬಂದು ಪಕ್ಕದಲ್ಲೇ ತುಳಿದಿದೆ. ಉತ್ತರಕ್ಕೆ ಕೈ ಹಾಕೋ ಮೊದಲು ಮೂವರ ಬಗ್ಗೆ ಹೇಳ್ತೀನಿ.

ಮೊದಲನೆಯವರು ಮಾಗಡಿ ರಸ್ತೆಯಲ್ಲಿ, ತಾವರೆಕೆರೆ ದಾಟಿದ ಮೇಲೆ ಸಿಕ್ಕ ಪಂಕ್ಚರ್ ಅಂಗಡಿಯವರು. ನನ್ನ ಟಯರ್ ಪಂಕ್ಚರ್ ಆಗಿತ್ತು, ಬೇರೆ ಟ್ಯೂಬ್ ಹಾಕಿದ್ದೆ, ಗಾಳಿ ಹೊಡೆಯುವಾಗ ಕೈಪಂಪಿನ ಮೂತಿಯೇ ಮುರಿದು ಬಂತು. ತಳ್ಳಿಕೊಂಡು ಅವರ ಅಂಗಡಿಗೆ ಹೋದೆ. ತೊಂದರೆ ಏನಪ್ಪಾ ಅಂದರೆ, ಇಂಥ ಸೈಕಲ್ಲುಗಳ ಟ್ಯೂಬಿಗೆ ಇರೋದು ಪ್ರೆಸ್ಟಾ ವಾಲ್ವ್, ಪೆನ್ಸಿಲ್‌ಗಿಂತ ಸಪೂರ. ಅವರ ಕಂಪ್ರೆಸರ್ ಪೈಪಿನ ಬಾಯಿ ಬೈಕು, ಕಾರುಗಳ ದಪ್ಪ ವಾಲ್ವಿಗೆ ಮಾಡಿದ್ದು. ಒಂದಕ್ಕೊಂದು ಕೂರಲ್ಲ. ಅವರು ಕೂತು ಆ ವಾಲ್ವನ್ನು ಸ್ವಲ್ಪ ಹೊತ್ತು ಹಾಗೇ ನೋಡಿದರು. ಅದರ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರು. ಬ್ಲೇಡು ತಗೊಂಡು ಮುಚ್ಚಳದ ತುದಿ ಕತ್ತರಿಸಿ, ಅದನ್ನೇ ಮತ್ತೆ ವಾಲ್ವಿಗೆ ತಿರುಗಿಸಿ ಕೂರಿಸಿ, ಅದರ ಮೇಲೆ ಪೈಪ್ ಒತ್ತಿ ಹಿಡಿದರು. ಮೊದಲ ಎರಡು ಸಲ ಬುಸ್ ಅಂತ ಆಚೆಗೇ ಹೋಯಿತು. ಮೂರನೇ ಸಲ ಟಯರ್ ಉಬ್ಬಿತು. ಸೈಕಲ್ ಹುಚ್ಚರ ವಿಡಿಯೋಗಳಲ್ಲಿ ಈ ಉಪಾಯ ಇದೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಅವರು ವಿಡಿಯೋ ನೋಡಿರಲಿಲ್ಲ, ವಾಲ್ವ್ ನೋಡಿದ್ದರು ಅಷ್ಟೇ.

ಕಾಲು ಗಂಟೆ ಹಿಡಿಯಿತು. ಸ್ಕೂಟರಿನವರೊಬ್ಬರು ಪಾಪ ಕಾಯ್ತಾ ನಿಂತಿದ್ದರು. ನಾನು ಫೋನ್ ತೆಗೆದು ಗೋಡೆಯ ಮೇಲಿದ್ದ ಕ್ಯೂಆರ್ ಕೋಡ್ ಕಡೆ ತಿರುಗಿದೆ. ಅವರು ಅಂಗೈ ಅಡ್ಡ ಹಿಡಿದು, "ಗಾಳಿಗೆ ಯಾರಾದ್ರೂ ದುಡ್ಡು ಇಸ್ಕೋತಾರಾ ಸಾರ್? ಹೋಗ್ಬನ್ನಿ" ಅಂದರು. ಅಷ್ಟರಲ್ಲಿ ಸ್ಕೂಟರಿನ ಚಕ್ರ ಬಿಚ್ಚೋಕೆ ಕೂತಾಗಿತ್ತು.

ಎರಡನೆಯವರು ಸಾವನದುರ್ಗದ ಹತ್ತಿರ, ರಾಗಿ ಹೊಲದ ಬದುವಿನ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದ ಒಬ್ಬ ಅಜ್ಜಿ. ಹುಣಸೆ ಮರದ ನೆರಳು ಕಂಡು ನಾನೂ ನಿಂತೆ. "ಯಾವೂರಪ್ಪಾ?" ಬೆಂಗಳೂರು ಅಂದೆ. "ಬೆಂಗ್ಳೂರಿಂದ ಇಲ್ಲೀಗಂಟ ಸೈಕಲ್ನಾಗೇ ಬಂದ್ಯಾ?" ಹೌದು ಅಂದೆ. ಅಜ್ಜಿ ನನ್ನನ್ನೂ, ಬೆವರಿಗೆ ಅಂಟಿಕೊಂಡಿದ್ದ ಬಟ್ಟೇನೂ ನೋಡಿ, ದನಿ ತಗ್ಗಿಸಿ ಕೇಳಿದರು: "ಯಾಕ್ ಮಗ, ಬಸ್ ಚಾರ್ಜಿಗೆ ಕಾಸಿರ್ನಿಲ್ವಾ?"

ನನ್ನ ಸೈಕಲ್ಲಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಹೊಸ ಸ್ಕೂಟರ್ ಬರುತ್ತೆ ಅಂತ ಆ ಹುಣಸೆ ಮರದ ಕೆಳಗೆ ಹೇಗೆ ಹೇಳೋದು? "ಇಲ್ಲ ಅಜ್ಜಿ, ನನಗಿಷ್ಟ ಅಂತ ತುಳೀತೀನಿ" ಅಂದೆ. ಅವರು ನಂಬಲಿಲ್ಲ. ಮರ್ಯಾದಸ್ಥರ ಮನೆ ಹುಡುಗ, ಇಲ್ಲ ಅಂತ ಹೇಳೋಕೆ ನಾಚಿಕೊಳ್ತಿದಾನೆ ಅಂದುಕೊಂಡಿರಬೇಕು. ಎಲೆ ಅಡಿಕೆ ಚೀಲದೊಳಗಿಂದ ಮಡಿಸಿಟ್ಟ ಇಪ್ಪತ್ತರ ನೋಟು ತೆಗೆದು, "ಇಟ್ಕೊ, ಮುಂದೆ ಅಂಗ್ಡಿ ಅದೆ, ಟೀ ಕುಡ್ಕೊಂಡೋಗು" ಅಂದರು. ಬೇಡ ಅಂದೆ. "ಇಟ್ಕಳ್ಳಪ್ಪ, ನಿಮ್ಮಜ್ಜಿ ಕೊಟ್ರೆ ಬ್ಯಾಡ ಅಂತಿದ್ದಾ?" ಅಂದುಬಿಟ್ಟರು. ಇಟ್ಟುಕೊಂಡೆ. ಮುಂದಿನ ಅಂಗಡಿಯಲ್ಲಿ ಅದೇ ನೋಟು ಕೊಟ್ಟು ಟೀ ಕುಡಿದೆ.

ಮೂರನೆಯವರನ್ನು ನಾನು ಕಂಡಿದ್ದು ರಾತ್ರಿ ಎರಡು ಗಂಟೆಗೆ. ಬ್ರೆವೆ ಅಂತ ಒಂದು ಥರದ ದೂರದ ಸವಾರಿ ಇದೆ. ಸ್ಪರ್ಧೆ ಅಲ್ಲ, ಗೊತ್ತಾದ ಸಮಯದೊಳಗೆ ಮುಗಿಸಿದರೆ ಸಾಕು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ. ಹಿಂದೆ ನಮ್ಮ ಕಾರು, ನಮ್ಮ ಜನ ಬರುವಂತಿಲ್ಲ. ಊಟ, ನೀರು, ರಿಪೇರಿ ಎಲ್ಲಾ ನಿಮ್ಮ ನಿಮ್ಮ ಹೊಣೆ. ಸ್ವಾವಲಂಬಿ ಸವಾರಿ ಅಂತ ಅದಕ್ಕೆ ಬಿರುದು ಬೇರೆ. ನಾನು ಚಿತ್ರದುರ್ಗದವರೆಗೆ ಹೋಗಿ ವಾಪಸ್ ಬರ್ತಿದ್ದೆ. ಹಿರಿಯೂರು ದಾಟಿ ಶಿರಾ ಕಡೆಗೆ ಬರುವಾಗ ಹೆದ್ದಾರಿ ಪಕ್ಕದ ಒಂದು ಚಾದಂಗಡಿಯ ಬೆಂಚಿನ ಮೇಲೆ ಕೂತೆ. ಎದುರಿಗೆ ಲಾರಿ ಡ್ರೈವರ್ ಒಬ್ಬರು, ಐವತ್ತರ ಆಸುಪಾಸು, ಉತ್ತರ ಕರ್ನಾಟಕದ ಮಾತು.

"ಇದಕ್ಕ ರೊಕ್ಕಾ ಯಾರ್ ಕೊಡ್ತಾರ?" ಅಂತ ಕೇಳಿದರು. ಯಾರೂ ಕೊಡಲ್ಲ, ನಾವೇ ಕಟ್ಟಬೇಕು ಅಂದೆ. ಬಾಯಿ ತುಂಬ ನಕ್ಕರು. ಆಮೇಲೆ ನನ್ನ ಸೈಕಲ್ಲಿನ ಹಿಂದೆ ಮಿನುಗ್ತಿದ್ದ ಕೆಂಪು ದೀಪದ ಕಡೆ ನೋಡಿ, "ಲೈಟ್ ಹಾಕೀರಿ, ಚಲೋ ಮಾಡೀರಿ" ಅಂದರು. ಸುಮ್ಮನಾದರು. ಒಂದು ಗುಟುಕು ಚಾ ಆದಮೇಲೆ ತಾವಾಗೇ ಶುರು ಮಾಡಿದರು. ಹತ್ತು ಹನ್ನೆರಡು ವರ್ಷದ ಹಿಂದೆ, ಇಂಥದ್ದೇ ರಾತ್ರಿ, ಸೈಕಲ್ ಜೊತೆ ಒಬ್ಬ ರಸ್ತೆ ಪಕ್ಕ ಬಿದ್ದಿದ್ದನಂತೆ. "ನಾ ಹೊಡದಿದ್ದಲ್ರಿ. ಯಾರೋ ಹೊಡದು ಹೋಗಿದ್ರು. ಕೈ ಅಲ್ಲಾಡಿಸಿದಂಗ ಕಾಣ್ತು. ಗಾಡಿ ನಿಲ್ಲಸಲಿಲ್ಲ. ನಿಲ್ಲಸಿದ್ರ ನಾನ ಹೊಡದೀನಿ ಅಂತಿದ್ರು, ಮಾಲ್ ಬ್ಯಾರೆ ಮುಂಜಾನೆ ಮುಟ್ಟಿಸೋದಿತ್ತು." ಮತ್ತೆ ಸುಮ್ಮನಾಗಿ, "ಅಂವ ಉಳದ್ನೋ ಇಲ್ಲೋ ಗೊತ್ತಿಲ್ಲ. ಮನ್ಯಾಗ ಹೇಳಿಲ್ಲ ಇದನ್ನ" ಅಂದರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅವರಿಗೂ ನನ್ನಿಂದ ಮಾತು ಬೇಕಿರಲಿಲ್ಲ ಅನ್ಸುತ್ತೆ. ಎದ್ದು ಹೋಗುವಾಗ ನನ್ನ ಚಾದ ದುಡ್ಡನ್ನೂ ಕೊಟ್ಟು ಹೋದರು. ಅವರ ಊರು, ಲಾರಿಯಲ್ಲಿದ್ದ ಮಾಲು, ಇನ್ನೂ ಅವರು ಹೇಳಿದ ಒಂದೆರಡು ವಿಷಯ ನನಗೆ ಗೊತ್ತು. ಅವನ್ನ ಇಲ್ಲಿ ಬರೆಯಲ್ಲ.

ಹನ್ನೆರಡು ವರ್ಷ ಹೆಂಡತಿಗೆ ಹೇಳದ್ದನ್ನು ನನಗೆ ಯಾಕೆ ಹೇಳಿದರು? ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಸಿಮ್ಮೆಲ್ 1908ರಲ್ಲಿ ಅಪರಿಚಿತನ ಬಗ್ಗೆ ಬರೆದ ಪುಟ್ಟ ಪ್ರಬಂಧದಲ್ಲಿ ಇದಕ್ಕೆ ಸುಳಿವು ಕೊಟ್ಟಿದ್ದಾನೆ. ಹತ್ತಿರದವರಿಂದ ಜೋಪಾನವಾಗಿ ಬಚ್ಚಿಟ್ಟ ವಿಷಯವನ್ನು ಜನ ಪರಕೀಯನ ಮುಂದೆ ತಪ್ಪೊಪ್ಪಿಗೆಯ ಹಾಗೆ ಬಿಚ್ಚಿಡ್ತಾರೆ ಅನ್ನೋದು ಅವನು ಗಮನಿಸಿದ ಸಂಗತಿ. ಪರಕೀಯನಿಗೆ ಆ ಊರಿನ ಜಗಳಗಳಲ್ಲಿ ಪಾಲಿಲ್ಲ, ನಾಳೆ ಅದನ್ನು ಎತ್ತಿ ಆಡಲ್ಲ. ಅಂದರೆ ಅಪರಿಚಿತ ಅನ್ನೋದು ಬರೀ ಪರಿಚಯ ಇಲ್ಲದಿರುವಿಕೆ ಅಲ್ಲ, ಅದೊಂದು ಕೆಲಸ. ಆ ರಾತ್ರಿ ಆ ಬೆಂಚಿನ ಮೇಲೆ ನಾನು ಮಾಡಿದ್ದು ಆ ಕೆಲಸ.

ಆ ಡ್ರೈವರ್ ಕೆಟ್ಟವರಾ? ಅವರು ಹೇಳಿದ್ದರಲ್ಲಿ ಎರಡು ಕಾರಣ ಇದ್ದವು: ಭಯ ಮತ್ತು ಅವಸರ. ಭಯಕ್ಕೆ ಕಾನೂನು ಸ್ವಲ್ಪ ಮದ್ದು ಅರೆದಿದೆ. ಅಪಘಾತದಲ್ಲಿ ನೆರವಾದವರನ್ನು ರಕ್ಷಿಸಲು ಕರ್ನಾಟಕದ ಶಾಸನಸಭೆ 2016ರಲ್ಲೇ ಕಾನೂನು ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವಿಗೆ ನೆರವಾಗಲು ನಿಂತವನನ್ನು ಹೆಸರು ವಿಳಾಸ ಹೇಳು ಅಂತ ಒತ್ತಾಯಿಸುವಂತಿಲ್ಲ. ಇದು ನಿಮಗೆ ಗೊತ್ತಿರದಿದ್ದರೆ ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾವತ್ತೋ ಒಂದಿನ ಬೇಕಾಗುತ್ತೆ. ಆದರೆ ಅವಸರಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ಅವಸರದ ಬಗ್ಗೆ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಿ ಅಂತ ಒಬ್ಬೊಬ್ಬರನ್ನಾಗಿ ಕಳಿಸಿದರು. ಅರ್ಧದಷ್ಟು ಜನರ ಭಾಷಣದ ವಿಷಯವೇ ದಯಾಳು ಸಮಾರ್ಯದವನ ಕತೆ. ಬೈಬಲ್ಲಿನಲ್ಲಿ ದಾರಿ ಬದಿ ಬಿದ್ದಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದವನ ಕತೆ. ಹೋಗುವ ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಬೇಕಾದಷ್ಟು ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ 63 ಶೇಕಡ ಜನ ಏನಾದರೂ ನೆರವು ಮಾಡಿದರು. ತಡವಾಗಿದೆ, ಬೇಗ ಹೋಗಿ ಅಂತ ಹೇಳಿಸಿಕೊಂಡವರಲ್ಲಿ ಬರೀ 10 ಶೇಕಡ. ಯಾವ ವಿಷಯದ ಮೇಲೆ ಭಾಷಣ ಮಾಡಬೇಕಿತ್ತು ಅನ್ನೋದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ನಮ್ಮಂಥವರು ಓದಿ ಬೆಚ್ಚಬೇಕಾದ ಲೆಕ್ಕ ಇದು. ಒಂದು ಮೀಟಿಂಗಿನಿಂದ ಎದ್ದು ಇನ್ನೊಂದು ಮೀಟಿಂಗಿಗೆ ಓಡುವವರ ಬದುಕೇ ಆ ಬೇಗ ಹೋಗಿ ಗುಂಪಿನದು. ಸೈಕಲ್ ಮಾಡೋ ದೊಡ್ಡ ಉಪಕಾರ ಅಂದರೆ ಅದು ನಮ್ಮನ್ನು ಆ ಗುಂಪಿನಿಂದ ಒಂದು ಬೆಳಗ್ಗೆ ಆಚೆಗೆ ತೆಗೆಯುತ್ತೆ. ಗಂಟೆಗೆ ಹದಿನೆಂಟು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಬದುವಿನ ಮೇಲೆ ಕೂತವರ ಮುಖ ಕಾಣುತ್ತೆ. ಅವರು ಕೇಳಿದ ಪ್ರಶ್ನೆ ಕಿವಿಗೆ ಬೀಳುತ್ತೆ. ನಿಲ್ಲಬೇಕು ಅನ್ನಿಸಿದರೆ ಪಾರ್ಕಿಂಗ್ ಹುಡುಕಬೇಕಾಗಿಲ್ಲ, ಒಂದು ಕಾಲು ನೆಲಕ್ಕೆ ಇಟ್ಟರೆ ಆಯ್ತು. ಇನ್ನೊಂದು ಮುಖ್ಯ ವಿಷಯ: ಗಾಜು ಏರಿಸಿಕೊಂಡು ಏಸಿಯಲ್ಲಿ ಕೂತವನಿಗೆ ಹೊರಗಿನವರಿಂದ ಏನೂ ಬೇಕಾಗಿರಲ್ಲ. ಸೈಕಲ್ಲಿನವನಿಗೆ ನೀರು ಬೇಕು, ನೆರಳು ಬೇಕು, ಗಾಳಿ ಬೇಕು. ಮುಂದೆ ನಾಯಿ ಕಾಟ ಇದೆಯಾ ಅಂತ ಹೇಳೋರು ಬೇಕು. ಸ್ವಾವಲಂಬಿ ಸವಾರಿ ಅಂತ ಹೆಸರಿಟ್ಟಿದ್ದೇವೆ, ನಿಜ. ರಾತ್ರಿ ಎರಡಕ್ಕೆ ಒಲೆ ಆರಿಸದೆ ಕೂತ ಚಾದಂಗಡಿಯವನನ್ನು ಅದರಿಂದ ತೆಗೆದು ನೋಡಿ, ಎಷ್ಟು ಸ್ವಾವಲಂಬನೆ ಉಳಿಯುತ್ತೆ ಅಂತ.

ಸರಿ, ಇಷ್ಟೆಲ್ಲ ಪಡೆದುಕೊಂಡಿದ್ದರ ಲೆಕ್ಕ ಏನು? ಈ ಕತೆಗಳನ್ನು ಹೇಳಿದಾಗಲೆಲ್ಲ ನಮ್ಮಮ್ಮನದು ಒಂದೇ ಮಾತು: "ಯಾವ ಜನ್ಮದ ಋಣಾನುಬಂಧವೋ, ಅದಕ್ಕೇ ಸಿಕ್ಕಿದಾರೆ." ನಮ್ಮ ಭಾಷೆಯಲ್ಲಿ ಋಣ ಬಿಟ್ಟರೆ ಮಾತೇ ಮುಂದೆ ಹೋಗಲ್ಲ. ಕೆಲಸ ಬಿಟ್ಟರೆ ಅಲ್ಲಿಯ ಅನ್ನದ ಋಣ ಮುಗಿಯಿತು, ಊರು ಬಿಟ್ಟರೆ ನೀರಿನ ಋಣ ಮುಗಿಯಿತು, ಸತ್ತರೆ ಭೂಮಿಯ ಋಣ ತೀರಿತು. ಅಮ್ಮನ ಮಾತಿನಲ್ಲಿ ಒಂದು ಚೆಲುವಿದೆ. ಅದರ ಪ್ರಕಾರ ಜಗತ್ತಿನಲ್ಲಿ ಅಪರಿಚಿತರು ಅಂತಲೇ ಇಲ್ಲ. ಸಿಕ್ಕವರೆಲ್ಲ ಯಾವತ್ತೋ ಸಿಕ್ಕಿದ್ದವರೇ.

ಆದರೂ ಈ ಮಾತನ್ನು ಒಪ್ಪೋಕೆ ನನಗೆ ಆಗಲ್ಲ. ಪುನರ್ಜನ್ಮ ಇದೆಯೋ ಇಲ್ಲವೋ ಅನ್ನೋದು ಬೇರೆ ಜಗಳ, ಅದು ಇರ್ಲಿ. ನನ್ನ ತಕರಾರು ಆ ಅಂಗಡಿಯವರ ಪರವಾಗಿ. ಹಿಂದಿನ ಜನ್ಮದಲ್ಲಿ ನನ್ನ ಹತ್ತಿರ ಏನೋ ತಗೊಂಡಿದ್ದರು, ಈ ಜನ್ಮದಲ್ಲಿ ಗಾಳಿ ಹೊಡೆದು ತೀರಿಸಿದರು ಅಂದರೆ, ಅವರು ಮಾಡಿದ್ದು ಸಾಲ ವಾಪಸಾತಿ ಅಷ್ಟೇ ಆಯ್ತಲ್ಲ? ಬ್ಲೇಡಿನಲ್ಲಿ ಮುಚ್ಚಳ ಕತ್ತರಿಸುವಾಗ ಅವರು ಬಗ್ಗಿ ನೋಡಿದ ಆ ನೋಟ, ಮೂರನೇ ಸಲವೂ ಪ್ರಯತ್ನಿಸಿದ್ದು, ಎಲ್ಲಾ ಬರೀ ಕಂತು ಕಟ್ಟಿದ ಹಾಗಾಯ್ತು. ನಾನು ಅವರಿಗೆ ಥ್ಯಾಂಕ್ಸ್ ಕೂಡ ಹೇಳಬೇಕಾಗಿಲ್ಲ. ಆಕಸ್ಮಿಕವನ್ನು ಆಕಸ್ಮಿಕ ಅಂತ ಒಪ್ಪಿಕೊಂಡರೆ ಮಾತ್ರ ಅವರ ಒಳ್ಳೆಯತನ ಅವರದ್ದಾಗಿ ಉಳಿಯುತ್ತೆ. ನಮ್ಮಿಬ್ಬರ ನಡುವೆ ಹಳೇ ಲೆಕ್ಕ ಏನೂ ಇರಲಿಲ್ಲ. ಮುಂದೆ ಲಾಭ ಬರುವ ಆಸೆಯೂ ಇರಲಿಲ್ಲ. ನಾನು ಅವರ ಖಾಯಂ ಗಿರಾಕಿ ಆಗುವವನಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾಡಿದರು. ಮಾಡದೇ ಇರಬಹುದಿತ್ತು.

ಋಣಾನುಬಂಧ ಹಳೇ ಕಾಲದ ಲೆಕ್ಕ ಆದರೆ ನಮ್ಮ ಕಾಲದ ಲೆಕ್ಕ ಇನ್ನೊಂದಿದೆ. ಅದರಲ್ಲಿ ಬಾಕಿ ಅನ್ನೋದೇ ಉಳಿಯಬಾರದು. ಊಟ ತಂದವರಿಗೆ ಬಾಗಿಲಲ್ಲೇ ಟಿಪ್, ಬಿಟ್ಟು ಹೋದ ಕ್ಯಾಬಿಗೆ ಇಳಿಯುವ ಮೊದಲೇ ಐದು ನಕ್ಷತ್ರ. ಎರಡು ನಿಮಿಷದಲ್ಲಿ ಸಂಬಂಧ ಶುರುವಾಗಿ, ಮುಗಿದು, ರಸೀದಿ ಇಮೇಲಿಗೆ ಬಂದಿರುತ್ತೆ. ಇದರಲ್ಲಿ ತಪ್ಪೇನಿಲ್ಲ, ದುಡಿದವರಿಗೆ ದುಡ್ಡು ಸಿಗಲೇಬೇಕು. ಆದರೆ ಈ ಅಭ್ಯಾಸ ಎಲ್ಲಿವರೆಗೆ ಬಂದಿದೆ ಅಂದರೆ, ಯಾರಾದರೂ ಬೇಡ ಅಂದಾಗ ನಮಗೆ ಒಂಥರಾ ಕಸಿವಿಸಿ. ಉಪಕಾರದ ಬಗ್ಗೆಯೇ ಏಳು ಭಾಗಗಳ ಪುಸ್ತಕ ಬರೆದ ರೋಮನ್ ತತ್ತ್ವಜ್ಞಾನಿ ಸೆನೆಕಾ ಇದನ್ನು ಎರಡು ಸಾವಿರ ವರ್ಷದ ಹಿಂದೆಯೇ ಗುರುತಿಸಿದ್ದ. ಪಡೆದ ಉಪಕಾರವನ್ನು ಕೂಡಲೇ ತೀರಿಸಿಬಿಡಬೇಕು ಅಂತ ಚಡಪಡಿಸುವವನ ಮನಸ್ಸು ಸಾಲಗಾರನದೇ ಹೊರತು ಕೃತಜ್ಞನದಲ್ಲ ಅನ್ನೋದು ಅವನ ವಾದ. ಅಜ್ಜಿಯ ಇಪ್ಪತ್ತು ರೂಪಾಯಿ ಇಟ್ಟುಕೊಂಡಿದ್ದಕ್ಕೆ ನನಗೆ ಸಂಕೋಚ ಇಲ್ಲ ಯಾಕಂದ್ರೆ, ಅದನ್ನು ಬೇಡ ಅಂತ ವಾಪಸ್ ತುರುಕಿದ್ದರೆ, ನಿನ್ನಂಥವರಿಂದ ತಗೊಳ್ಳೋ ಸ್ಥಿತಿಯಲ್ಲಿ ನಾನಿಲ್ಲ ಅಂತ ಹೇಳಿದ ಹಾಗಾಗ್ತಿತ್ತು. ಕೊಡೋದರಲ್ಲಿ ದೊಡ್ಡತನ ಇದೆ ಅಂತ ಎಲ್ಲರೂ ಹೇಳ್ತಾರೆ. ತಗೊಳ್ಳೋದಕ್ಕೂ ಸ್ವಲ್ಪ ಬಗ್ಗಬೇಕು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಜಗತ್ತು ಒಳ್ಳೆಯವರಿಂದ ತುಂಬಿದೆ ಅನ್ನೋ ಥರದ, ಓದಿ ಫಾರ್ವರ್ಡ್ ಮಾಡುವ ಬರಹ ಆಗ್ತಿತ್ತು. ಆದರೆ ನಮ್ಮ ಸೈಕಲ್ ಗುಂಪಿನ ಗೆಳತಿಯೊಬ್ಬಳು ಈ ಕತೆಗಳನ್ನೆಲ್ಲ ಕೇಳಿ, "ನಿನಗೆ ಸಿಗೋ ಅಪರಿಚಿತರೇ ಬೇರೆ, ನನಗೆ ಸಿಗೋರೇ ಬೇರೆ" ಅಂದಳು. ಒಂದು ಮುಂಜಾನೆ, ಇನ್ನೂ ಕತ್ತಲು, ಅವಳು ಒಬ್ಬಳೇ ಹೋಗ್ತಿದ್ದಾಗ ಹಾಲಿನ ವ್ಯಾನೊಂದು ಹಿಂದೆ ಬಂದು ನಿಧಾನ ಮಾಡಿತಂತೆ. ಮುಂದೆ ಹೋಗಲಿಲ್ಲ. ಎರಡು ಕಿಲೋಮೀಟರ್ ಅವಳ ಹಿಂದೆಯೇ ಬಂತು. ಸರ್ಕಲ್ ಬಂದು ಬೀದಿದೀಪಗಳು ಕಂಡ ಮೇಲೆ ಡ್ರೈವರ್ ಕೈ ಆಡಿಸಿ ಬೇರೆ ದಾರಿ ಹಿಡಿದ. ದೀಪವಿಲ್ಲದ ರಸ್ತೆಗೆ ಹೆಡ್‌ಲೈಟ್ ಬೆಳಕು ಹಿಡಿದು ಅವಳನ್ನು ದಾಟಿಸಿದ್ದ, ಅಷ್ಟೇ. "ಅವನು ಒಳ್ಳೆಯವನೇ. ಆದರೆ ಅದು ಗೊತ್ತಾಗಿದ್ದು ಮುಗಿದ ಮೇಲೆ. ಆ ಎರಡು ಕಿಲೋಮೀಟರ್ ನನ್ನ ಎದೆ ಹೊಡ್ಕೊಂಡಿದ್ದನ್ನ ಯಾರ ಲೆಕ್ಕಕ್ಕೆ ಬರೀತೀಯಾ?"

ಅವಳ ಪ್ರಶ್ನೆಗೆ ನನ್ನ ಹತ್ತಿರ ಚುಕ್ತಾ ಉತ್ತರ ಇಲ್ಲ. ಅಪರಿಚಿತರನ್ನು ನಂಬುವುದು ಒಂದು ಗುಣ ಅಂತ ಹೇಳುವ ಮೊದಲು, ನಂಬಿ ಕೆಟ್ಟರೆ ಯಾರಿಗೆ ಎಷ್ಟು ನಷ್ಟ ಅಂತ ಕೇಳಬೇಕು. ನನಗೆ ಹೆಚ್ಚೆಂದರೆ ಫೋನು ಹೋಗುತ್ತೆ. ಅವಳಿಗೆ ಹಾಗಲ್ಲ. ಆದ್ದರಿಂದ ಅವಳು ನಂಬದೇ ಇರೋದು ಸಣ್ಣತನ ಅಲ್ಲ. ಉಪಕಾರ ಮಾಡುವವನೂ ಇದನ್ನು ತಿಳಿದಿರಬೇಕು. ತನ್ನ ಒಳ್ಳೇ ಉದ್ದೇಶ ತನ್ನೊಳಗೆ ಎಷ್ಟು ಸ್ಪಷ್ಟವಾಗಿದ್ದರೂ ಎದುರಿನವರಿಗೆ ಅದು ಬರೀ ಹಿಂದಿನಿಂದ ಬೀಳುವ ಬೆಳಕು.

ಇನ್ನೂ ಒಂದು ವಿಷಯ ಇದೆ. ನಾವು ಊರಿನಿಂದ ಹೊರಗೆ ಹೊರಡುವ ಅದೇ ಹೊತ್ತಿಗೆ, ನೈಟ್ ಶಿಫ್ಟ್ ಮುಗಿಸಿದ ಸೆಕ್ಯೂರಿಟಿ ಗಾರ್ಡುಗಳು ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತು ಹಾಕ್ಕೊಂಡು ಕಪ್ಪು ಸೈಕಲ್ಲುಗಳಲ್ಲಿ ಮನೆ ಕಡೆ ಹೋಗ್ತಿರ್ತಾರೆ. ಹೆಲ್ಮೆಟ್ ಹಾಕಿದವರು ಎದುರಾದರೆ ನಮ್ಮ ಗುಂಪುಗಳಲ್ಲಿ ಕೈ ಎತ್ತುವ ರೂಢಿ ಇದೆ. ಡಬ್ಬಿ ನೇತು ಹಾಕಿದವರಿಗೆ ಆ ಕೈ ಏಳುವುದು ಕಮ್ಮಿ. ವರ್ಷಕ್ಕೆ ಅವರು ತುಳಿಯುವ ದೂರ ನಮಗಿಂತ ಹೆಚ್ಚೇ ಇರಬಹುದು, ಆದರೂ ಸೈಕ್ಲಿಸ್ಟ್ ಅನ್ನೋ ಪದ ಅವರಿಗೆ ಸಲ್ಲಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿಗೆ, ಜ್ಯೋತಿ ಕುಮಾರಿ ಅನ್ನೋ 15 ವರ್ಷದ ಹುಡುಗಿ ಗಾಯಗೊಂಡಿದ್ದ ತಂದೆಯನ್ನು ಹಿಂದೆ ಕೂರಿಸಿಕೊಂಡು ಗುರುಗ್ರಾಮದಿಂದ ಬಿಹಾರದ ದರ್ಭಂಗಾಕ್ಕೆ ಸುಮಾರು 1200 ಕಿ.ಮೀ. ತುಳಿದಳು. ದೇಶ ಭೇಷ್ ಅಂದಿತು, ಸೈಕ್ಲಿಂಗ್ ಫೆಡರೇಶನ್ ಟ್ರಯಲ್ಸಿಗೆ ಕರೆಯಿತು. ನಾನು 400 ಕಿ.ಮೀ. ತುಳಿದದ್ದು ಹವ್ಯಾಸ, ಸಾಕಾದರೆ ಯಾವ ಊರಿನಲ್ಲಾದರೂ ಬಸ್ ಹತ್ತಬಹುದಿತ್ತು. ಅವಳಿಗೆ ಹತ್ತೋಕೆ ಬಸ್ಸಿರಲಿಲ್ಲ.

ಇದನ್ನೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ದಾರಿಯಲ್ಲಿ ನನಗೆ ಸಿಕ್ಕ ದಯೆಯಲ್ಲಿ ಒಂದು ಪಾಲು ನನ್ನ ಹೆಲ್ಮೆಟ್ಟಿಗೂ, ನನ್ನ ಮಾತಿನ ಧಾಟಿಗೂ, ನಾನು ಗಂಡಸಾಗಿರೋದಕ್ಕೂ ಸಿಕ್ಕಿದ್ದು. ಪಂಕ್ಚರ್ ಅಂಗಡಿಯವರ ಬಾಯಲ್ಲಿ ಸಾರ್ ಅನ್ನೋ ಪದ ಸುಮ್ಮನೆ ಬಂದಿರಲ್ಲ. ಈ ಪರೀಕ್ಷೆಯಲ್ಲಿ ಪೂರ್ತಿ ಗೆಲ್ಲೋರು ಅಂದರೆ ಆ ಅಜ್ಜಿ. ಅವರ ಕಣ್ಣಿಗೆ ನಾನು ಬಸ್ಸಿಗೆ ಕಾಸಿಲ್ಲದ ಹುಡುಗ. ಅದಕ್ಕೇ ಕೊಟ್ಟರು.

ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತೆ ಅನ್ನಿಸುತ್ತೆ. ದೇವಋಣ, ಋಷಿಋಣ, ಪಿತೃಋಣ ಅಂತ ಮೂರು ಋಣಗಳ ಹೆಸರು ನಾವೆಲ್ಲ ಕೇಳಿದ್ದೇವೆ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದು ಬರುತ್ತೆ, ಮನುಷ್ಯರ ಋಣ. ದೇವರ ಋಣ ಯಜ್ಞದಿಂದ, ಋಷಿಗಳದ್ದು ಅಧ್ಯಯನದಿಂದ, ಪಿತೃಗಳದ್ದು ಸಂತಾನದಿಂದ ತೀರುತ್ತೆ. ಮನುಷ್ಯರ ಋಣ ತೀರೋದು ಬಂದವರಿಗೆ ಇರಲು ಜಾಗ, ತಿನ್ನಲು ಊಟ ಕೊಡುವುದರಿಂದ. ಯಾವ ಮನುಷ್ಯರು ಅಂತ ಅಲ್ಲಿ ಹೆಸರಿಲ್ಲ, ಅದೇ ನನಗೆ ಹಿಡಿಸಿದ್ದು. ಋಣಾನುಬಂಧದಲ್ಲಿ ನಾನು ಮತ್ತು ನೀನು ಅಂತ ಇಬ್ಬರ ಖಾತೆ ಇದೆ, ಹಳೇ ಬಾಕಿ ಇದೆ. ಈ ನಾಲ್ಕನೆಯದರಲ್ಲಿ ಸಾಲ ಕೊಟ್ಟವರು ಯಾರೋ, ವಸೂಲಿ ಮಾಡುವವರು ಇನ್ಯಾರೋ. ತಾವರೆಕೆರೆಯಲ್ಲಿ ಪಡೆದದ್ದನ್ನು ತಾವರೆಕೆರೆಗೇ ವಾಪಸ್ ಕೊಡಬೇಕಿಲ್ಲ. ಎದುರಿಗೆ ಯಾರು ಬಂದರೋ ಅವರೇ ಸಾಲಗಾರನ ಮನೆ ಬಾಗಿಲಿಗೆ ಬಂದ ಸಾಹುಕಾರರು.

ಇದೇನೂ ಬರೀ ಪುಸ್ತಕದ ಮಾತಲ್ಲ. ನಮ್ಮ ಊರುಗಳಲ್ಲಿ ಬೇಸಿಗೆ ಬಂದರೆ ಅರವಟ್ಟಿಗೆ ಇಡ್ತಾರೆ. ಮಡಕೆಯಲ್ಲಿ ನೀರು, ಕೆಲವು ಕಡೆ ಮಜ್ಜಿಗೆ, ಪಾನಕ. ಕುಡಿದವರ ಹೆಸರು ಯಾರೂ ಕೇಳಲ್ಲ. ಮಾಗಡಿ ತಾಲ್ಲೂಕಿನಲ್ಲಿ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೂ ಆಲದ ಮರಗಳಿವೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ನೆಟ್ಟ ಮರಗಳು, 385 ಅಂತ ಲೆಕ್ಕ. ಕೂಲಿ ಮಾಡ್ತಿದ್ದವರು, ಮಕ್ಕಳಿರಲಿಲ್ಲ, ಬಿಂದಿಗೆಯಲ್ಲಿ ನೀರು ಹೊತ್ತು ಹುಯ್ದು ಬೆಳೆಸಿದರು. ಪದ್ಮಶ್ರೀ ಬಂದಿದ್ದು 2019ರಲ್ಲಿ, ಮರಗಳು ದೊಡ್ಡವಾಗಿ ಎಷ್ಟೋ ಕಾಲ ಆದ ಮೇಲೆ. ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಆ ಸಾಲಿನ ಕೆಳಗೆ ನುಗ್ಗಿದರೆ ಮೈ ಒಮ್ಮೆಲೇ ತಣ್ಣಗಾಗುತ್ತೆ. ಆ ನೆರಳು ಡಬ್ಬಿ ಸೈಕಲ್ಲು, ಕಾರ್ಬನ್ ಸೈಕಲ್ಲು ಅಂತ ನೋಡಿ ಬೀಳಲ್ಲ. ಒಬ್ಬಳೇ ಬಂದವಳಿಗೆ ಹಿಂದಿನಿಂದ ಬೆಳಕು ಬಿಟ್ಟು ಹೆದರಿಸಲ್ಲ. ಗೆಳತಿಯ ಪ್ರಶ್ನೆಗೆ ಚುಕ್ತಾ ಉತ್ತರ ಅಲ್ಲದಿದ್ದರೂ, ಅರ್ಧ ಉತ್ತರವಂತೂ ಅಲ್ಲಿದೆ. ಒಬ್ಬರ ಬೆನ್ನು ಹತ್ತಿ ಮಾಡುವ ಉಪಕಾರಕ್ಕಿಂತ, ದಾರಿಯನ್ನೇ ಎಲ್ಲರಿಗೂ ಸ್ವಲ್ಪ ವಾಸಿ ಮಾಡಿಟ್ಟು ಹೋಗುವ ಉಪಕಾರ ಇನ್ನೂ ಸಭ್ಯವಾದದ್ದು.

ಎಲ್ಲರಿಗೂ 385 ಮರ ನೆಡೋಕೆ ಆಗಲ್ಲ. ಸೈಕಲ್ ತುಳಿಯೋರಿಗೆ ಆಗುವಂಥದ್ದು ಒಂದು ಹೇಳಿ ಮುಗಿಸ್ತೀನಿ. ನಮ್ಮ ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿ ಒಂದು ಹೆಚ್ಚುವರಿ ಟ್ಯೂಬ್ ಇರುತ್ತೆ. ಅದರ ಅಳತೆ 700×28. ಗಾರ್ಡುಗಳು ತುಳಿಯುವ ಆ ಕಪ್ಪು ಸೈಕಲ್ಲಿನ ಟಯರ್ ಮೇಲೆ 28×1½ ಅಂತ ಇರುತ್ತೆ. ಎರಡರಲ್ಲೂ 28 ಇದೆ, ಆದರೆ ಚಕ್ರಗಳು ಬೇರೆ. ನಮ್ಮ ಟ್ಯೂಬ್ ಅವರಿಗೆ ಬರಲ್ಲ, ಅವರದ್ದು ನಮಗೆ ಬರಲ್ಲ. ಅದಕ್ಕೇ ಟ್ಯೂಬಿನ ಜೊತೆ ಉಪ್ಪುಕಾಗದದ ಒಂದು ತುಂಡು, ನಾಲ್ಕು ರಬ್ಬರ್ ಪ್ಯಾಚ್, ಒಂದು ಚಿಕ್ಕ ಸೊಲ್ಯೂಷನ್ ಟ್ಯೂಬೂ ಇಟ್ಟುಕೊಳ್ಳಿ. ಎಲ್ಲಾ ಸೇರಿದರೂ ನಿಮ್ಮ ಮನೆ ಬೀಗದ ಕೈಗಿಂತ ಹೆಚ್ಚು ಭಾರ ಆಗಲ್ಲ. ಪ್ಯಾಚು ಎಲ್ಲರ ಟ್ಯೂಬಿಗೂ ಅಂಟುತ್ತೆ.